ಉಪ್ಪಾಗೆ: ಸಾರಿಗೆ ಸೈ, ಲಿವರಿಗೆ ಮದ್ದಲ್ಲ

ಪೇಟೆಗೆ ಹೋಗಿ ಹೊಟ್ಟೆ ಸ್ಕ್ಯಾನಿಂಗ್ ಮಾಡಿಸಿಕೊಂಡು ಬಂದವರ ಚೀಟಿಯಲ್ಲಿ ಈಚೆಗೆ ಪದೇ ಪದೇ ಕಾಣುವ ಮಾತು 'ಫ್ಯಾಟಿ ಲಿವರ್'. ಕುಡಿಯುವವರಿಗೆ ಮಾತ್ರ ಬರುವ ಕಾಯಿಲೆ ಇದು ಎಂಬ ಕಾಲ ಹೋಯಿತು. ಹನಿ ಮುಟ್ಟದವರಲ್ಲೂ ಉಂಟು, ನೋಡಲಿಕ್ಕೆ ತೆಳ್ಳಗಿರುವವರಲ್ಲೂ ಉಂಟು. 2021ರಲ್ಲಿ ಕೇಂದ್ರ ಸರಕಾರ ಸಕ್ಕರೆ ಕಾಯಿಲೆ, ಹೃದ್ರೋಗಗಳ ನಿಯಂತ್ರಣ ಕಾರ್ಯಕ್ರಮಕ್ಕೆ ಇದನ್ನೂ ಸೇರಿಸಿತು.

ಚೀಟಿ ಕೈಗೆ ಬಂದದ್ದೇ ತಡ, ಸಲಹೆಗಳು ಶುರು. ನೆಲನೆಲ್ಲಿ ಅರೆದು ಕುಡಿ, ಅಮೃತಬಳ್ಳಿ ಕಷಾಯ ಮಾಡು ಅಂತ ಒಬ್ಬೊಬ್ಬರದು ಒಂದೊಂದು. ಈ ಸಾಲಿಗೆ ನಮ್ಮ ಬೆಟ್ಟದ ಉಪ್ಪಾಗೆಯೂ ಸೇರಿದೆ. "ವಿದೇಶದವರು ಕೊಬ್ಬು ಕರಗಿಸಲಿಕ್ಕೆ ಇದರದ್ದೇ ಮಾತ್ರೆ ನುಂಗ್ತಾರಂತೆ. ಹಿತ್ತಲಲ್ಲೇ ಇರುವಾಗ ನಾವು ಕುದಿಸಿ ಕುಡಿದರೆ ಏನು?" ಪ್ರಶ್ನೆ ಸಹಜವೇ. ಉತ್ತರ ತಿಳಿಯಬೇಕಾದರೆ ಮೈಸೂರಿನಿಂದ ಶುರು ಮಾಡಬೇಕು.

ಮೈಸೂರಿನ ಶೋಧ

ಉಪ್ಪಾಗೆಯ ಹುಳಿ ನಿಂಬೆಯ ಹುಳಿಯಂಥದ್ದೇ ಎಂದು ಮೊದಲು ತಿಳಿದಿದ್ದರು. ಮೈಸೂರಿನ ಸಿಎಫ್‌ಟಿಆರ್‌ಐಯ ವೈ.ಎಸ್. ಲೂಯಿಸ್ ಮತ್ತು ಎಸ್. ನೀಲಕಂಠನ್ ಅದು ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಎಂದು 1965ರಲ್ಲಿ ತೋರಿಸಿಕೊಟ್ಟರು. ಚುಟುಕಾಗಿ ಎಚ್‌ಸಿಎ. ಮುರುಗಲು ಹಣ್ಣಿನಲ್ಲೂ ಇದು ಉಂಟು.

ನಾವು ಉಂಡ ಅನ್ನ, ಸಕ್ಕರೆ ಖರ್ಚಾಗದೆ ಉಳಿದರೆ ಲಿವರ್ ಅದನ್ನು ಕೊಬ್ಬಾಗಿ ಮಾಡುತ್ತದೆ. ಹಾಗೆ ಮಾಡಲಿಕ್ಕೆ ಒಂದು ಕಿಣ್ವ ಬೇಕು. ಎಚ್‌ಸಿಎ ಆ ಕಿಣ್ವವನ್ನು ಕಟ್ಟಿಹಾಕುತ್ತದೆ ಎಂದು 1969ರಲ್ಲಿ ಅಮೆರಿಕದ ವಿಜ್ಞಾನಿಗಳು ಕಂಡರು. ಲಿವರಿನ ತೂಕದಲ್ಲಿ ಶೇ. 5ಕ್ಕಿಂತ ಹೆಚ್ಚು ಕೊಬ್ಬು ತುಂಬಿದರೆ ಅದೇ ಫ್ಯಾಟಿ ಲಿವರ್. ಕೊಬ್ಬು ಮಾಡುವ ಬಾಗಿಲನ್ನೇ ಮುಚ್ಚುವ ಹುಳಿ ಸಿಕ್ಕಿತಲ್ಲ, ಇನ್ನೇನು ಬೇಕು? ಇಲಿಗಳಲ್ಲಿ ಫಲವೂ ಕಂಡಿತು. ಮಾತ್ರೆಯ ವ್ಯಾಪಾರ ಬೆಳೆದದ್ದು ಈ ಲೆಕ್ಕಾಚಾರದ ಮೇಲೆ.

ಮನುಷ್ಯನಲ್ಲಿ ಆದದ್ದೇನು?

ಲೆಕ್ಕ ಸರಿ, ಫಲ ಬರಲಿಲ್ಲ. ಅಮೆರಿಕದಲ್ಲಿ 135 ಜನ ದಪ್ಪ ಮೈಯವರ ಮೇಲೆ 12 ವಾರ ಪರೀಕ್ಷೆ ಮಾಡಿದರು. ಕೆಲವರಿಗೆ ದಿನಕ್ಕೆ ಒಂದೂವರೆ ಗ್ರಾಂ ಎಚ್‌ಸಿಎ, ಉಳಿದವರಿಗೆ ಔಷಧಿ ಇಲ್ಲದ ಮಾತ್ರೆ. ಫಲಿತಾಂಶ 1998ರಲ್ಲಿ ಪ್ರಕಟವಾಯಿತು. ತೂಕ ಇಳಿದದ್ದರಲ್ಲಿ ಎರಡೂ ಗುಂಪಿಗೆ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ.

ಲಿವರಿನ ವಿಚಾರ ಇನ್ನೂ ಗಂಭೀರ. 2013ರಲ್ಲಿ ಕೊರಿಯಾದವರು ಕೊಬ್ಬಿನ ಆಹಾರ ತಿನ್ನಿಸಿದ ಇಲಿಗಳಿಗೆ ಉಪ್ಪಾಗೆ ಸಾರ ಕೊಟ್ಟು ನೋಡಿದರು. ಮೈಕೊಬ್ಬು ಕಡಿಮೆಯಾಯಿತು, ಆದರೆ ಲಿವರಿನಲ್ಲಿ ಉರಿಯೂತ ಮತ್ತು ನಾರು ಹೆಚ್ಚಿತು. ಯಾವ ಅಂಗಕ್ಕೆ ಮದ್ದು ಬೇಕಿತ್ತೋ ಅದಕ್ಕೇ ಪೆಟ್ಟು. ಮನುಷ್ಯರಲ್ಲೂ ಇಂಥ ಮಾತ್ರೆ ತಿಂದು ಕಾಮಾಲೆ ಬಂದವರಿದ್ದಾರೆ. ಅಮೆರಿಕದ ಆಸ್ಪತ್ರೆಗಳ ಒಂದು ಜಾಲ 2022ರಲ್ಲಿ ಅಂಥ 22 ರೋಗಿಗಳ ವಿವರ ಪ್ರಕಟಿಸಿತು. ಹೆಚ್ಚಿನವರು ಹಸಿರು ಚಹಾದ ಸಾರವೂ ಬೆರೆತ ಮಾತ್ರೆ ತಿಂದವರು, ಐವರು ಬರೀ ಉಪ್ಪಾಗೆಯದ್ದು. ಲಿವರ್ ಕಸಿ ಮಾಡಬೇಕಾಗಿ ಬಂದ ಪ್ರಕರಣಗಳೂ ವೈದ್ಯರ ದಾಖಲೆಯಲ್ಲಿವೆ. ಎಲ್ಲರಿಗೂ ಹೀಗಾಗುವುದಿಲ್ಲ. ಹುಟ್ಟಿನಿಂದ ಬಂದ ಒಂದು ಗುಣ ಇರುವವರಿಗೆ ಅಪಾಯ ಹೆಚ್ಚು. ಆ ಗುಣ ಯಾರಿಗೆ ಉಂಟು ಅಂತ ಮುಖ ನೋಡಿ ಹೇಳಲಿಕ್ಕೆ ಬರುವುದಿಲ್ಲ.

ಅಮೃತಬಳ್ಳಿಯದ್ದೂ ಇದೇ ಪಾಠ. ಕೊರೊನಾ ಕಾಲದಲ್ಲಿ ಮನೆಮನೆಯಲ್ಲಿ ಕಷಾಯ ಕುಡಿದರು. 2021ರಲ್ಲಿ ಮುಂಬಯಿಯ ವೈದ್ಯರು, ಅದನ್ನು ಕುಡಿದು ಲಿವರ್ ಕೆಟ್ಟ ಆರು ಜನರ ವರದಿ ಪ್ರಕಟಿಸಿದರು.

ಹಾಗಾದರೆ ಸಾರಿಗೆ ಹಾಕಬಾರದೇ?

ಧಾರಾಳವಾಗಿ ಹಾಕಿ. ಅಡುಗೆಗೆ ಬೀಳುವುದು ಎರಡು ಮೂರು ಚೂರು ಸಿಪ್ಪೆ. ಮಾತ್ರೆಯಲ್ಲಿರುವುದು ಭಟ್ಟಿ ಇಳಿಸಿದಂತೆ ಗಟ್ಟಿ ಮಾಡಿದ ಸಾರ, ಅದನ್ನು ದಿನಕ್ಕೆ ಮೂರು ಹೊತ್ತು, ತಿಂಗಳುಗಟ್ಟಲೆ ನುಂಗುತ್ತಾರೆ. ಕೇರಳದವರ ಮೀನು ಸಾರಿಗೆ ಕುಡಂಪುಳಿ, ಕೊಡಗಿನವರ ಪಂದಿ ಕರಿಗೆ ಕಾಚಂಪುಳಿ ತಲೆಮಾರುಗಳಿಂದ ನಡೆದು ಬಂದಿದೆ. ನಮ್ಮಲ್ಲಿ ಬೀಜದಿಂದ ತುಪ್ಪವನ್ನೂ ತೆಗೆಯುತ್ತೇವೆ. ಆಹಾರವಾಗಿ ಉಂಡದ್ದು ಬೇರೆ, ಮದ್ದೆಂದು ಲೋಟಗಟ್ಟಲೆ ಕುದಿಸಿ ಕುಡಿಯುವುದು ಬೇರೆ.

ಲಿವರಿಗೆ ನಿಜವಾಗಿ ಬೇಕಾದ್ದು

ತೂಕ ಹೆಚ್ಚಿದ್ದವರು ಶೇ. 5 ಇಳಿಸಿದರೂ ಲಿವರಿನ ಕೊಬ್ಬು ಇಳಿಯುತ್ತದೆ. ಶೇ. 7ರಿಂದ 10 ಇಳಿಸಿದರೆ ಉರಿಯೂತವೂ ತಗ್ಗುತ್ತದೆ. 80 ಕಿಲೋ ಇದ್ದವರಿಗೆ ಇದು ಆರರಿಂದ ಎಂಟು ಕಿಲೋ. ಒಂದೇ ತಿಂಗಳಲ್ಲಿ ಅಲ್ಲ, ನಿಧಾನಕ್ಕೆ. ಅನ್ನದ ರಾಶಿ ಸಣ್ಣದಾಗಲಿ, ಕಾಳು ಸೊಪ್ಪು ಹೆಚ್ಚಲಿ. ಚಹಾದ ಸಕ್ಕರೆ, ಬಾಟಲಿಯ ತಂಪು ಪಾನೀಯ ಬಿಡಬೇಕು. ಮದ್ಯ ಪೂರ್ತಿ ಬಿಡಬೇಕು. ತೋಟದಲ್ಲಿ ಯಂತ್ರ ಬಂದ ಮೇಲೆ ನಮ್ಮ ಮೈಗೆ ಕೆಲಸ ಕಡಿಮೆಯಾಗಿದೆ ಎಂಬುದನ್ನೂ ಒಪ್ಪಿಕೊಳ್ಳೋಣ. ಸಕ್ಕರೆ ಕಾಯಿಲೆ ಇದ್ದರೆ ಅದನ್ನು ಹಿಡಿತದಲ್ಲಿ ಇಡುವುದೇ ಅರ್ಧ ಚಿಕಿತ್ಸೆ.

ಈಗಾಗಲೇ ಕಷಾಯ, ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಡಾಕ್ಟರಲ್ಲಿ ಮುಚ್ಚಿಡಬೇಡಿ. ಕಣ್ಣು ಹಳದಿ, ಮೂತ್ರ ಗಾಢ ಬಣ್ಣ, ಮೈ ತುರಿಕೆ, ಊಟ ಸೇರದೆ ಸುಸ್ತು ಕಂಡರೆ ಆ ದಿನವೇ ನಿಲ್ಲಿಸಿ ಆಸ್ಪತ್ರೆಗೆ ಹೋಗಿ.

ಬೆಳೆಗಾರರಿಗೆ ಒಂದು ಮಾತು

1990ರ ದಶಕದಲ್ಲಿ ಮಾತ್ರೆಗಾಗಿ ಉತ್ತರ ಕನ್ನಡದ ಸಿಪ್ಪೆಗೆ ಬೇಡಿಕೆ ಏರಿತು. ಪೈಪೋಟಿಯಲ್ಲಿ ಬಲಿಯದ ಕಾಯಿ ಕೊಯ್ದರು, ಕೊಂಬೆ ಕಡಿದರು. ಮಳೆಗಾಲದಲ್ಲಿ ಸಿಪ್ಪೆ ಒಣಗಿಸಲು ರಾಶಿ ರಾಶಿ ಸೌದೆ ಉರಿಯಿತು. ಮಾತ್ರೆಯ ಮೇಲೆ ನಿಂತ ಬೇಡಿಕೆ ಒಂದು ಸರಕಾರದ ನಿಷೇಧಕ್ಕೆ, ಒಂದು ವೈದ್ಯಕೀಯ ವರದಿಗೆ ಬಿದ್ದುಹೋಗಬಹುದು. ಅಡುಗೆಮನೆಯ ಹುಳಿಗೆ ಆ ಭಯ ಇಲ್ಲ. ಹಣ್ಣಾಗಿ ಉದುರಿದ್ದನ್ನು ಹೆಕ್ಕಿ, ಹೊಗೆ ವಾಸನೆ ಕಡಿಮೆ ಇರುವಂತೆ ಚೊಕ್ಕವಾಗಿ ಒಣಗಿಸಿ, ಹುಳಿ ಎಂದೇ ಮಾರೋಣ. 'ಲಿವರ್ ಕೊಬ್ಬು ಕರಗಿಸುತ್ತದೆ' ಎಂಬ ಚೀಟಿ ಅಂಟಿಸಿದರೆ ನಾಲ್ಕು ಕಾಸು ಹೆಚ್ಚು ಸಿಕ್ಕೀತು. ಆದರೆ ಅದನ್ನು ನಂಬಿ ಕುಡಿಯುವವರು ನಮ್ಮ ನೆರೆಮನೆಯವರೇ ಇರಬಹುದು.