ಸೈರನ್ ಮೌನವಾದ ಮೇಲೂ ಉಳಿಯುವ ಕರ್ತವ್ಯ

ಗೋವಾದ ಮುರಗಾಂವ್ ಬಂದರಿನಿಂದ ಸರಕು ಹೇರಿಕೊಂಡು ಹೊರಟ ಟ್ರಕ್ಕುಗಳೂ ಟ್ಯಾಂಕರುಗಳೂ ವಾಸ್ಕೊ ನಗರದ ಅಂಚಿನಲ್ಲಿ ಬಾಯ್ನಾವನ್ನು ಹಾದು ವೆರ್ಣಾದ ಕಡೆಗೆ ಸಾಗುವ ಹೆದ್ದಾರಿಯಲ್ಲಿ ವಾಹನ ನಡೆಸುವವರೊಳಗೂ, ಅದೇ ಹೆದ್ದಾರಿಯ ಬದಿಯಲ್ಲಿ ಗುದ್ದಲಿ, ಡಾಂಬರು, ಕಬ್ಬಿಣದ ಸರಳುಗಳೊಡನೆ ದುಡಿಯುವವರೊಳಗೂ ಕನ್ನಡಿಗರ ಸಂಖ್ಯೆ ಅಲ್ಪವಲ್ಲ. ಬಿಜಾಪುರ, ಬಾಗಲಕೋಟೆ, ಗದಗ, ಕೊಪ್ಪಳಗಳಿಂದ ಕೂಲಿಯನ್ನರಸಿ ಬಂದು ತಲೆಮಾರುಗಳಿಂದ ಇಲ್ಲಿ ನೆಲೆನಿಂತ ಈ ಸಂಸಾರಗಳಲ್ಲಿ ಅಣ್ಣ ಲಾರಿ ಚಾಲಕನಾಗಿದ್ದರೆ ತಮ್ಮ ರಸ್ತೆ ಕೆಲಸದವನಾಗಿರುವುದುಂಟು. ರವೀಂದ್ರ ಭವನದ ಬಳಿಯಿಂದ ಬಂದರಿನತ್ತ ಫ್ಲೈಓವರ್ ಕಟ್ಟುವ ಕಾರ್ಯವು ಕೈಗೊಳ್ಳಲ್ಪಟ್ಟ ಮೇಲಂತೂ, ಚಲಿಸುವ ಚಕ್ರಕ್ಕೂ ನಿಂತು ದುಡಿಯುವ ದೇಹಕ್ಕೂ ನಡುವಣ ಅಂತರವು ಈ ಊರಿನ ನಿತ್ಯದ ಪ್ರಶ್ನೆಯಾಗಿದೆ. ಆದುದರಿಂದ ನಿಂತಿರುವ ತುರ್ತು ವಾಹನವನ್ನು ಹಾಗೂ ರಸ್ತೆ ದುರಸ್ತಿಯ ವಾಹನವನ್ನು ದಾಟಿ ಹೋಗುವ ವಿಷಯದಲ್ಲಿ ಜನರಲ್ಲಿ ಬೇರೂರಿರುವ ಕೆಲವು ನಂಬಿಕೆಗಳನ್ನು ಇಲ್ಲಿ ಪರಿಶೀಲಿಸುವುದು ಉಚಿತವೆಂದು ಭಾವಿಸುತ್ತೇನೆ.

ಅವುಗಳಲ್ಲಿ ಪ್ರಬಲವಾದುದು, ಸೈರನ್ ಕೂಗುತ್ತ ಬರುವ ಆಂಬುಲೆನ್ಸಿಗೆ ದಾರಿ ಬಿಟ್ಟರೆ ಚಾಲಕನ ಹೊಣೆ ಮುಗಿಯಿತು, ನಿಂತ ಗಾಡಿಗೆ ಕಾನೂನಿನ ರಕ್ಷಣೆಯಿಲ್ಲ ಎಂಬುದು. ಇದರಲ್ಲಿ ಅರ್ಧ ಸತ್ಯವಿರುವುದರಿಂದಲೇ ಇದು ಅಪಾಯಕರವಾಗಿದೆ. 2019ರ ತಿದ್ದುಪಡಿಯಿಂದ ಮೋಟಾರು ವಾಹನ ಕಾಯ್ದೆಗೆ ಸೇರಿದ 194ಇ ಕಲಮು, ಅಗ್ನಿಶಾಮಕ ವಾಹನವೋ ಆಂಬುಲೆನ್ಸೋ ರಾಜ್ಯ ಸರಕಾರವು ಗೊತ್ತುಪಡಿಸಿದ ಅನ್ಯ ತುರ್ತು ವಾಹನವೋ ಸಮೀಪಿಸಿದಾಗ ರಸ್ತೆಯ ಬದಿಗೆ ಸರಿಯದವನಿಗೆ ಆರು ತಿಂಗಳವರೆಗಿನ ಕಾರಾವಾಸವನ್ನಾಗಲಿ, 10,000 ರೂಪಾಯಿ ದಂಡವನ್ನಾಗಲಿ, ಎರಡನ್ನೂ ಆಗಲಿ ವಿಧಿಸುತ್ತದೆ. ಸಮೀಪಿಸುವ ವಾಹನವೇ ಈ ಕಲಮಿನ ವಿಷಯ; ನಿಂತ ವಾಹನದ ಮಾತು ಅಲ್ಲಿಲ್ಲವೆಂಬುದು ನಿಜ. ಆದರೆ ಒಂದು ಕಲಮು ಮೌನವಾಗಿದ್ದ ಮಾತ್ರಕ್ಕೆ ಕಾಯ್ದೆಯೇ ಮೌನವಾಗಿದೆಯೆಂದು ತಿಳಿಯುವುದು ತಪ್ಪು. ಅಪಾಯಕರ ಚಾಲನೆಯನ್ನು ಕುರಿತ 184ನೆಯ ಕಲಮಿನಲ್ಲಿ, ನಿಯಮಕ್ಕೆ ವಿರುದ್ಧವಾಗಿ ಇತರ ವಾಹನಗಳನ್ನು ದಾಟುವುದೂ, ಸಮರ್ಥನೂ ಜಾಗರೂಕನೂ ಆದ ಚಾಲಕನಿಂದ ನಿರೀಕ್ಷಿಸತಕ್ಕ ಮಟ್ಟಕ್ಕಿಂತ ಬಹಳ ಕೆಳಗಿಳಿದು ವಾಹನ ನಡೆಸುವುದೂ ಅದೇ 2019ರ ತಿದ್ದುಪಡಿಯಿಂದ ಸ್ಪಷ್ಟವಾಗಿ ಸೇರಿವೆ. ನಿಂತ ಅಗ್ನಿಶಾಮಕ ವಾಹನದ ಪಕ್ಕದಲ್ಲಿ ಎದುರಿನ ದಾರಿ ಕಾಣದಿದ್ದರೂ ವೇಗ ತಗ್ಗಿಸದೆ ನುಗ್ಗಿದವನು ಈ ಮಾತುಗಳ ವ್ಯಾಪ್ತಿಯಿಂದ ತಪ್ಪಿಸಿಕೊಳ್ಳಲಾರನು. ಆ ನುಗ್ಗಾಟದಲ್ಲಿ ಪ್ರಾಣಹಾನಿಯಾದರೆ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 106ನೆಯ ಕಲಮಿನ ಮೇರೆಗೆ ಐದು ವರ್ಷಗಳವರೆಗೆ ಸೆರೆವಾಸವುಂಟು.

ಅಮೆರಿಕದಲ್ಲಿ ನೆಲೆಸಿದ ಬಂಧುಗಳ ಮಾತು ಕೇಳಿ, ನಿಂತ ತುರ್ತು ವಾಹನದ ಪಕ್ಕದ ಲೇನ್ ಬಿಟ್ಟು ಆಚೆಯ ಲೇನಿಗೆ ಸರಿಯಬೇಕೆಂಬ ಅಲ್ಲಿನ ವಿಧಿಯೇ ಇಲ್ಲಿಯೂ ಇದೆಯೆಂದು ನಂಬಿರುವವರೂ ಇದ್ದಾರೆ. ಆ ವಿಧಿಯ ಹುಟ್ಟು ಮನಕಲಕುವಂಥದು. 1994ರ ಜನವರಿಯಲ್ಲಿ ದಕ್ಷಿಣ ಕೆರೊಲಿನಾದ ಲೆಕ್ಸಿಂಗ್ಟನ್ನಿನಲ್ಲಿ ಅಪಘಾತಸ್ಥಳದಲ್ಲಿ ಸೇವೆಯಲ್ಲಿದ್ದ ಜೇಮ್ಸ್ ಗಾರ್ಸಿಯಾ ಎಂಬ ತುರ್ತು ವೈದ್ಯಕೀಯ ಸಿಬ್ಬಂದಿಗೆ ವಾಹನವೊಂದು ಬಡಿದು ಆತನು ಗಾಯಗೊಂಡಾಗ, ವರದಿಯಲ್ಲಿ ತಪ್ಪಿತಸ್ಥನೆಂದು ದಾಖಲಾದುದು ಗಾಯಗೊಂಡ ಆತನ ಹೆಸರೇ! ಆ ಅನ್ಯಾಯದ ವಿರುದ್ಧ ಆತನು ನಡೆಸಿದ ಪ್ರಯತ್ನದ ಫಲವಾಗಿ 1996ರಲ್ಲಿ ಆ ರಾಜ್ಯದಲ್ಲಿ ಮೊದಲ ಶಾಸನವು ರಚಿತವಾಯಿತು. 2012ರಲ್ಲಿ ಹವಾಯಿ ಸೇರುವುದರೊಂದಿಗೆ ಐವತ್ತು ರಾಜ್ಯಗಳಿಗೂ ಅದು ವ್ಯಾಪಿಸಿತು. ನಮ್ಮಲ್ಲಿ ಅಂಥ ಪ್ರತ್ಯೇಕ ಕಲಮಿಲ್ಲ, ಇರಬೇಕೆಂಬುದು ನನ್ನ ದೃಢವಾದ ಅಭಿಮತ. ಎರಡೇ ಸಾಲು ವಾಹನಗಳು ಹಿಡಿಯುವ ಇಲ್ಲಿನ ಎಷ್ಟೋ ರಸ್ತೆಗಳಲ್ಲಿ ಆಚೆಯ ಲೇನೆಂಬುದೇ ಎದುರಿನವನ ದಾರಿಯಾದ್ದರಿಂದ, ಹಿಂದುಮುಂದು ನೋಡದೆ ಬಲಕ್ಕೆ ಹೊರಳುವುದು ಅಪಾಯ. ಮೊದಲು ವೇಗವನ್ನಿಳಿಸಿ, ಎದುರಿನ ದಾರಿ ತೆರವಾಗಿದ್ದರೆ ಮಾತ್ರ ಅಂತರವಿಟ್ಟು ಸಾಗತಕ್ಕದ್ದು.

ರಸ್ತೆ ಕೆಲಸಗಾರರ ಪಕ್ಕದಲ್ಲಿ ವೇಗಕ್ಕೆ ಮಿತಿಯೇ ಇಲ್ಲವೆಂಬುದು ಇನ್ನೊಂದು ನಂಬಿಕೆ. 1989ರ ರಸ್ತೆ ನಿಯಮಗಳಲ್ಲಿಯೇ, ಮೆರವಣಿಗೆಯನ್ನೂ ದಂಡಿನ ಸಾಲನ್ನೂ ದಾಟುವಾಗ ಹೇಗೋ ಹಾಗೆಯೇ ರಸ್ತೆ ದುರಸ್ತಿಯಲ್ಲಿ ತೊಡಗಿದ ಕೆಲಸಗಾರರನ್ನು ದಾಟುವಾಗಲೂ ಗಂಟೆಗೆ 25 ಕಿಲೋಮೀಟರಿಗಿಂತ ಹೆಚ್ಚಿನ ವೇಗ ಕೂಡದೆಂದು ವಿಧಿಸಲಾಗಿತ್ತು. ಅವುಗಳ ಸ್ಥಾನಕ್ಕೆ 2017ರಲ್ಲಿ ಚಾಲನಾ ನಿಯಮಗಳು ಬಂದವು. ಕೂಲಿಯವನಿಗೂ ದಂಡಿನವನಿಗೂ ಒಂದೇ ಮಿತಿಯಿಟ್ಟ ಆ ಹಳೆಯ ವಾಕ್ಯದಲ್ಲಿ ನನಗೆ ವಿಶೇಷವಾದ ಗೌರವವಿದೆ. ಆ 25ರ ಅರ್ಥವನ್ನು ಲೆಕ್ಕ ಹಾಕಿ ನೋಡಬಹುದು: ಆ ವೇಗದಲ್ಲಿ ವಾಹನವು ಸೆಕೆಂಡಿಗೆ ಸುಮಾರು 7 ಮೀಟರ್ ಸರಿಯುತ್ತದೆ, 60ರಲ್ಲಿ ಸುಮಾರು 17 ಮೀಟರ್. ಬಿಸಿ ಡಾಂಬರಿನ ಮೇಲೆ ಬಾಗಿ, ವಾಹನಗಳಿಗೆ ಬೆನ್ನು ಮಾಡಿ, ರೋಲರಿನ ಗದ್ದಲದಲ್ಲಿ ಹಾರ್ನ್ ಕೇಳಿಸದೆ ಸಲಿಕೆ ಎಳೆಯುತ್ತಿರುವವನು ಒಂದು ಹೆಜ್ಜೆ ಹಿಂದಿಟ್ಟರೆ ಸಾಕು, ಚಾಲಕನ ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿಯೇ ಆ 17 ಮೀಟರು ಮುಗಿದಿರುತ್ತದೆ. ಎಚ್ಚರಿಕೆಯ ಫಲಕ, ಕೋನ್, ಬ್ಯಾರಿಕೇಡುಗಳನ್ನಿಡುವುದು ಗುತ್ತಿಗೆದಾರನ ಔದಾರ್ಯಕ್ಕೆ ಬಿಟ್ಟ ವಿಷಯವೆಂದು ಕೆಲಸಗಾರರೇ ನಂಬಿರುವುದುಂಟು, ಅದೂ ಹಾಗಲ್ಲ. ಸುರಕ್ಷತೆಯ ಮಾನದಂಡವನ್ನು ಮೀರಿದ ಗುತ್ತಿಗೆದಾರನಿಗೂ ಸಂಬಂಧಪಟ್ಟ ಪ್ರಾಧಿಕಾರಕ್ಕೂ, ಅದರಿಂದ ಸಾವು ಅಥವಾ ಅಂಗವೈಕಲ್ಯ ಉಂಟಾದಲ್ಲಿ, ಮೋಟಾರು ವಾಹನ ಕಾಯ್ದೆಯ 198ಎ ಕಲಮು ಒಂದು ಲಕ್ಷ ರೂಪಾಯಿಯವರೆಗೆ ದಂಡ ವಿಧಿಸುತ್ತದೆ.

ಆಂಬುಲೆನ್ಸಿನ ಚಾಲಕನಿಗೆ ಯಾವ ನಿಯಮವೂ ಇಲ್ಲವೆಂಬ ಮಾತೂ ಸರಿಯಲ್ಲ. ಅವನಿಗಿರುವ ವಿನಾಯಿತಿಯು ಎಚ್ಚರಿಕೆಗೆ ಬದ್ಧವಾದುದು; ಆ ಎಚ್ಚರಿಕೆ ಏಕೆ ಬೇಕೆಂಬುದನ್ನು ಒಂದು ದುರಂತವೇ ಹೇಳುತ್ತದೆ. 2022ರ ಜುಲೈ 20ರಂದು ಇದೇ ಕರಾವಳಿಯ ಹೆದ್ದಾರಿಯಲ್ಲಿ, ಬೈಂದೂರು ತಾಲೂಕಿನ ಶಿರೂರು ಟೋಲಿನಲ್ಲಿ, ಬರುತ್ತಿದ್ದ ಆಂಬುಲೆನ್ಸಿಗಾಗಿ ಸಿಬ್ಬಂದಿ ಅಡ್ಡಗಟ್ಟೆ ತೆಗೆಯಲು ಧಾವಿಸುತ್ತಿದ್ದಾಗಲೇ ಅದು ಒದ್ದೆ ರಸ್ತೆಯಲ್ಲಿ ಜಾರಿ ಉರುಳಿ, ರೋಗಿಯೂ ಸೇರಿ ನಾಲ್ವರು ಮೃತಪಟ್ಟರು.

ಇನ್ನು, ಅಪಘಾತಸ್ಥಳದ ಹತ್ತಿರ ವಾಹನ ನಿಲ್ಲಿಸಿ ಗುಂಪುಗೂಡುವುದು ಅನುಕಂಪವೆಂಬ ಭಾವನೆ. 2018ರ ಜನವರಿಯಲ್ಲಿ ಬಾಯ್ನಾಕ್ಕೆ ಸಮೀಪದ ಚಿಕಲಿಮ್ಮಿನಲ್ಲಿ ಅಮೋನಿಯಾ ಟ್ಯಾಂಕರು ಉರುಳಿ ಅನಿಲ ಸೋರಿದಾಗ ಸುತ್ತಲಿನ ನಿವಾಸಿಗಳನ್ನು ನಸುಕಿನಲ್ಲಿಯೇ ಮನೆಗಳಿಂದ ತೆರವುಗೊಳಿಸಬೇಕಾಯಿತು. ಅಂಥ ಸ್ಥಳದಲ್ಲಿ ನೋಡಲೆಂದು ನಿಂತ ಪ್ರತಿಯೊಂದು ವಾಹನವೂ ಅಗ್ನಿಶಾಮಕದವರ ದಾರಿಯನ್ನು ಕಿರಿದುಗೊಳಿಸುತ್ತದೆ, ನಿಂತವನ ಶ್ವಾಸಕೋಶವನ್ನೂ ಅಪಾಯಕ್ಕೊಡ್ಡುತ್ತದೆ. ಆದರೆ ಸಹಾಯಕ್ಕೆ ಇನ್ನೂ ಯಾರೂ ಬಂದಿಲ್ಲದ ಕಡೆ, ಪೊಲೀಸರ ಕಾಟವಾದೀತೆಂಬ ಭಯದಿಂದ ಗಾಯಾಳುವನ್ನು ಬಿಟ್ಟು ಹೋಗಬೇಕಾಗಿಲ್ಲ. 2016ರ ಮಾರ್ಚ್ 30ರಂದು ಸರ್ವೋಚ್ಚ ನ್ಯಾಯಾಲಯವು ಕಡ್ಡಾಯವೆಂದು ಸಾರಿದ ಮಾರ್ಗಸೂಚಿಗಳೂ, ಅನಂತರ ಮೋಟಾರು ವಾಹನ ಕಾಯ್ದೆಗೆ ಸೇರಿದ 134ಎ ಕಲಮೂ, ಸದ್ಭಾವದಿಂದ ನೆರವಾದವನನ್ನು ರಕ್ಷಿಸುತ್ತವೆ; ತನ್ನ ಹೆಸರು ಹೇಳಲೇಬೇಕೆಂಬ ನಿರ್ಬಂಧವೂ ಅವನ ಮೇಲಿಲ್ಲ. ವಾಹನವನ್ನು ರಸ್ತೆಯಿಂದ ಪೂರ್ತಿ ಕೆಳಗಿಳಿಸಿ, ಎಚ್ಚರಿಕೆಯ ದೀಪ ಹಚ್ಚಿ, 108ಕ್ಕೋ 112ಕ್ಕೋ ಕರೆ ಮಾಡಿ ಸ್ಥಳದ ಗುರುತನ್ನು ಹೇಳಿ, ಆಂಬುಲೆನ್ಸು ಬಂದು ನಿಲ್ಲುವಷ್ಟು ಜಾಗವನ್ನು ತೆರವಾಗಿಡಬೇಕು.