ಹಾರುವ ಓತಿಯ ಬೆನ್ನು ಹತ್ತಿ

ಜೋಳದ ರಾಶಿ ಮುಗಿದು ಬಿಸಿಲು ಏರತೊಡಗಿದ ದಿನಗಳಲ್ಲಿ ನಾವು ದೇವರ ಹಿಪ್ಪರಗಿಯಲ್ಲಿ ಆಪ್ತರೊಬ್ಬರ ಮನೆಗೆ ಹೋಗಿದ್ದೆವು. ಒಂದು ಮಧ್ಯಾಹ್ನ ಆ ಮನೆಯ ಹುಡುಗರು ಬೇಲಿಯ ಮೇಲಿನ ಓತಿಕ್ಯಾತಕ್ಕೆ ಕಲ್ಲು ಒಗೆಯುತ್ತಿದ್ದರು. “ಅದು ಗೋಣ ಅಳ್ಳಾಡಿಸಿ ನಮ್ಮನ್ನ ಅಣಕಸತೈತ್ರಿ” ಎಂಬುದು ಅವರ ವಾದ. ಬೈದು ಫಲವಿಲ್ಲವೆಂದು ತಿಳಿದು, ಅಂದಿನ ರಾತ್ರಿ ಊಟವಾದ ಮೇಲೆ ಅವರನ್ನು ಪಡಸಾಲೆಯಲ್ಲಿ ಕೂಡಿಸಿಕೊಂಡು ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ ಕಾದಂಬರಿಯನ್ನು ಓದಲಾರಂಭಿಸಿದೆವು. “ಕಾಡಿಲ್ಲದ ಸೀಮೆಯ ಮಕ್ಕಳಿಗೆ ಕಾಡಿನ ಪುಸ್ತಕವೇಕೆ?” ಎಂದು ಮನೆಯ ಯಜಮಾನರು ನಕ್ಕರು.

1980ರಲ್ಲಿ ಪ್ರಕಟವಾದ ಈ ಗ್ರಂಥವು ಮಕ್ಕಳಿಗೆಂದೇ ಬರೆದುದಲ್ಲ. ಆದರೂ ಮಕ್ಕಳು ಬಯಸುವ ಸಾಹಸವೂ ನಗೆಯೂ ಇದರಲ್ಲಿ ತುಂಬಿವೆ. ಮೂಡಿಗೆರೆ ಸೀಮೆಯ ಕೃಷಿಕನೊಬ್ಬನು ಕಥೆಯನ್ನು ಹೇಳುತ್ತಾನೆ. ಕರ್ವಾಲೊ ಎಂಬ ವಿಜ್ಞಾನಿ, ಜೇನಿನ ಮರ್ಮ ಬಲ್ಲ ಮಂದಣ್ಣ, ಬಿರಿಯಾನಿ ಕರಿಯಪ್ಪ, ಕಿವಿ ಎಂಬ ನಾಯಿ, ಇಂಥ ವಿಚಿತ್ರ ದಂಡೊಂದು ಹಾರುವ ಓತಿಯನ್ನು ಅರಸುತ್ತ ಪಶ್ಚಿಮ ಘಟ್ಟದ ಕಾಡನ್ನು ಹೊಗುತ್ತದೆ. ಕೊನೆಗೆ ಏನಾಯಿತೆಂಬುದನ್ನು ನಾವು ಹೇಳಲಾರೆವು. ಹೇಳಿದರೆ ವಾಚಕರ ಸುಖ ಕೆಟ್ಟೀತು.

ಹಾರುವ ಓತಿಯು ಕಟ್ಟುಕಥೆಯ ಪ್ರಾಣಿಯಲ್ಲ. ಅದು ನೀಳವಾದ ಪಕ್ಕೆಲುಬುಗಳನ್ನು ಅಗಲಿಸಿ, ಅವುಗಳ ಮೇಲಿನ ತೊಗಲನ್ನು ರೆಕ್ಕೆಯಂತೆ ಹರಡಿ ಮರದಿಂದ ಮರಕ್ಕೆ ತೇಲುತ್ತದೆ. ಇರುವೆಗಳೇ ಅದರ ಮುಖ್ಯ ಆಹಾರ. ಮರಗಳು ಹೋದರೆ ಅದಕ್ಕೆ ನೆಲೆಯಿಲ್ಲ. ಇಷ್ಟನ್ನು ಕೇಳಿ ಹುಡುಗರು ಬೆರಗಾದರು.

ಆದರೆ ಅವರ ಮನಸ್ಸಿಗೆ ಹೆಚ್ಚು ನಾಟಿದವನು ಮಂದಣ್ಣ. ಊರವರ ಕಣ್ಣಿಗೆ ಅವನೊಬ್ಬ ಹೆಡ್ಡ. ವಿಜ್ಞಾನಿಯಾದರೋ ಅವನನ್ನೇ ಮನ್ನಿಸಿ ನಡೆಯುತ್ತಾನೆ. ಆ ಭಾಗವನ್ನು ಓದುತ್ತಿದ್ದಾಗ, ಹೊಸ್ತಿಲ ಬಳಿ ಕುಳಿತು ಕೇಳುತ್ತಿದ್ದ ಕುರಿ ಕಾಯುವ ಹುಡುಗನು ಮೆಲ್ಲನೆ, “ನಮ್ಮ ಓತಿಕ್ಯಾತ ಮೆತ್ತನ ಮಣ್ಣಾಗ ತಗ್ಗ ತೋಡಿ ತತ್ತಿ ಇಡತೈತ್ರಿ, ಮ್ಯಾಲ ಮಣ್ಣ ಮುಚ್ಚಿ ಹೋಗತೈತ್ರಿ” ಎಂದನು. ಅವನು ಹೇಳಿದ್ದು ನಿಜ. ಅಲ್ಲಿಯವರೆಗೆ ಅವನನ್ನು ಆಟಕ್ಕೂ ಕರೆಯದಿದ್ದ ಹುಡುಗರು ಅವನ ಸುತ್ತ ನೆರೆದು ಪ್ರಶ್ನೆಗಳ ಮಳೆಗರೆದರು.

ಮರುದಿನ ಎಲ್ಲರೂ ಅವನನ್ನು ಮುಂದಿಟ್ಟುಕೊಂಡು ಬೇಲಿಯ ಬುಡದಲ್ಲಿ ಸದ್ದಿಲ್ಲದೆ ಕುಳಿತಿದ್ದರು. ಕೈಯಲ್ಲಿ ಕಲ್ಲಿರಲಿಲ್ಲ. ಯಜಮಾನರು ಅದನ್ನು ನೋಡಿ, “ಇಂದು ರಾತ್ರಿ ನಾನೇ ಓದುವೆನು” ಎಂದರು.

ಗೃಹಸ್ಥರಾದ ವಾಚಕರಲ್ಲಿ ನಮ್ಮ ಬಿನ್ನಹವಿಷ್ಟೆ: ದಿನಕ್ಕೆ ನಾಲ್ಕು ಪುಟಗಳನ್ನಾದರೂ ಮಕ್ಕಳಿಗೆ ಗಟ್ಟಿಯಾಗಿ ಓದಿರಿ. ಹೊಸ್ತಿಲ ಬಳಿ ಕುಳಿತವರನ್ನೂ ಒಳಗೆ ಕರೆಯಿರಿ.