ಚಕ್ರದೊಳಗಿನ ಮೋಟಾರು ನಮ್ಮ ಏರುದಾರಿಗೆ ಆದೀತೇ?

ವಿದ್ಯುತ್ ಸ್ಕೂಟರು ಕೊಳ್ಳಲು ಸಂಘದಿಂದ ಸಾಲ ದೊರೆಯುವುದೇ ಎಂದು ಸದಸ್ಯ ಬಾಂಧವರು ಈಚೆಗೆ ವಿಚಾರಿಸುತ್ತಿದ್ದಾರೆ. ಸಾಲದ ಮಾತು ಹಾಗಿರಲಿ, ಗಾಡಿಯ ಮೋಟಾರು ಎಲ್ಲಿದೆ ಎಂಬುದನ್ನು ಮೊದಲು ನೋಡಬೇಕು. ಕೆಲವು ಗಾಡಿಗಳಲ್ಲಿ ಅದು ಚೌಕಟ್ಟಿನ ನಡುವೆ ಕುಳಿತು ಬೆಲ್ಟಿನ ಮೂಲಕ ಚಕ್ರ ತಿರುಗಿಸುತ್ತದೆ. ಕೆಲವುಗಳಲ್ಲಿ ಹಿಂದಿನ ಚಕ್ರದ ಒಳಗೇ ಇರುತ್ತದೆ.

ಈ ಎರಡನೆಯದು ಹೊಸ ಯೋಚನೆಯೇನಲ್ಲ. ಫರ್ಡಿನಾಂಡ್ ಪೋರ್ಷೆ ರೂಪಿಸಿದ ಅಂಥ ಕಾರು 1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲೇ ಬಂದಿತ್ತು. ಆದರೆ ಅದರ ಮೋಟಾರುಗಳು ಬಲು ಭಾರ. 1980ರ ದಶಕದಲ್ಲಿ ನಿಯೋಡಿಮಿಯಂ, ಕಬ್ಬಿಣ, ಬೋರಾನ್ ಸೇರಿದ ಪ್ರಬಲ ಕಾಯಂ ಅಯಸ್ಕಾಂತ ಬಂದ ಮೇಲೆ ಸ್ಕೂಟರಿನ ಪುಟ್ಟ ಚಕ್ರಕ್ಕೂ ಇದು ಹಿಡಿಸುವಂತಾಯಿತು.

ನಮ್ಮ ಪಲ್ಪರನ್ನೇ ನೋಡಿ. ಮೋಟಾರಿಗೆ ಸಣ್ಣ ಪುಲ್ಲಿ, ಪಲ್ಪರಿಗೆ ದೊಡ್ಡ ಪುಲ್ಲಿ. ಮೋಟಾರಿನ ವೇಗ ತಗ್ಗಿ ಬಲವಾಗಿ ಮಾರ್ಪಡುತ್ತದೆ. ಸ್ಕೂಟರಿನ ಚಕ್ರದೊಳಗಿನ ಮೋಟಾರಿಗೆ ಸಾಮಾನ್ಯವಾಗಿ ಈ ಅನುಕೂಲವಿಲ್ಲ. ಮೆಕ್ಯಾನಿಕ್ಕುಗಳು ಟಾರ್ಕ್ ಎನ್ನುವ ತಿರುಚುಬಲವನ್ನೆಲ್ಲ ತಾನೇ ಕೊಡಬೇಕು. ಗಾಡಿ, ಸವಾರ, ಒಂದು ಚೀಲ ಕಾಫಿ ಸೇರಿ 250 ಕಿಲೋ ಎನ್ನಿ. ಆರು ಅಡಿಗೆ ಒಂದಡಿ ಏರುವ ದಾರಿಯಲ್ಲಿ ಹಿಂದಕ್ಕೆ ಜಗ್ಗುವ ಭಾರ ಸುಮಾರು 41 ಕಿಲೋ. ಚಕ್ರದ ಅರೆವ್ಯಾಸ 23 ಸೆಂ.ಮೀ. ಆದರೆ ಬೇಕಾಗುವ ತಿರುಚುಬಲ 95 ನ್ಯೂಟನ್-ಮೀಟರಿಗೆ ಹತ್ತಿರ. ಎಂಟಕ್ಕೊಂದರ ಗೇರಿದ್ದರೆ ಮೋಟಾರಿನ ಪಾಲಿಗೆ 12 ಸಾಕಾಗುತ್ತಿತ್ತು.

ಆದ್ದರಿಂದಲೇ ವಿನ್ಯಾಸಕಾರರು ಇದನ್ನು ತಟ್ಟೆಯಂತೆ ಅಗಲವಾಗಿ ಮಾಡುತ್ತಾರೆ. ತಿರುಗುವ ಹೊರಬಳೆಯ ಒಳಮೈಗೆ ಅಯಸ್ಕಾಂತಗಳ ಸಾಲು, ನಡುವೆ ತಿರುಗದ ತಾಮ್ರದ ಸುರುಳಿ. ಕೇಂದ್ರದಿಂದ ದೂರ ತಳ್ಳಿದಷ್ಟೂ ತಿರುಚುಬಲ ಹೆಚ್ಚು. ಇಲ್ಲಿಯವರೆಗೆ ಜಾಣತನವೇ. ತೊಂದರೆ ಕಾವಿನದು. ತಿರುಚುಬಲ ಎರಡು ಪಟ್ಟಾಗಬೇಕಾದರೆ ಕರೆಂಟೂ ಸುಮಾರು ಎರಡು ಪಟ್ಟು, ತಾಮ್ರದಲ್ಲಿ ಹುಟ್ಟುವ ಕಾವು ನಾಲ್ಕು ಪಟ್ಟು. ಆ ತಾಮ್ರವೋ ಒಳಗೆ ಮುಚ್ಚಿಕೊಂಡಿದೆ. ಕಾವು ಹೊರಬೀಳಲು ಅಚ್ಚು ಒಂದು, ಮಿಲಿಮೀಟರಿನಷ್ಟು ಗಾಳಿಸಂದು ಒಂದು. ಏರಿನಲ್ಲಿ ಗಾಡಿ ನಿಧಾನ, ತಣಿಸಲು ಗಾಳಿಯೂ ತಾಗದು. ಸಾಧಾರಣ ದರ್ಜೆಯ ನಿಯೋಡಿಮಿಯಂ ಅಯಸ್ಕಾಂತ 80 ಡಿಗ್ರಿ ಸೆಲ್ಸಿಯಸ್ ದಾಟಿದರೆ ಶಕ್ತಿಯಲ್ಲಿ ಒಂದು ಪಾಲನ್ನು ಕಳೆದುಕೊಳ್ಳಬಹುದು. ತಣ್ಣಗಾದ ಮೇಲೂ ಅದು ಮರಳುವುದಿಲ್ಲ. ಕಾವು ತಡೆಯಲೆಂದು ಡಿಸ್ಪ್ರೋಸಿಯಂ ಬೆರೆಸುತ್ತಾರೆ. ಅದು ದುಬಾರಿ ವಸ್ತು. ಸಾಲದೆಂಬಂತೆ 2025ರ ಏಪ್ರಿಲ್‌ನಲ್ಲಿ ಚೀನಾ ಅದರ ರಫ್ತಿಗೆ ಪರವಾನಗಿಯ ಕಟ್ಟು ಹಾಕಿತು. ಒಳ್ಳೆಯ ಗಾಡಿಗಳಲ್ಲಿ ಕಾವೇರಿದೊಡನೆ ನಿಯಂತ್ರಕವೇ ಕರೆಂಟು ತಗ್ಗಿಸುತ್ತದೆ. ಅಯಸ್ಕಾಂತ ಉಳಿಯುತ್ತದೆ, ಸವಾರ ಇಳಿದು ತಳ್ಳುತ್ತಾನೆ!

ಮಳೆಗಾಲದ್ದೂ ಒಂದು ಮಾತಿದೆ. ಕಾದ ಮೋಟಾರು ಹಳ್ಳಕ್ಕಿಳಿದರೆ ಒಳಗಿನ ಗಾಳಿ ತಟ್ಟನೆ ಕುಗ್ಗಿ, ಸೀಲು ಸವೆದಿದ್ದಲ್ಲಿ ನೀರನ್ನು ಒಳಗೆಳೆದುಕೊಳ್ಳುತ್ತದೆ.

ಪೇಟೆಗೆ ಹೋಗಿಬರುವ ಡಾಂಬರು ರಸ್ತೆಯವರಿಗೆ ಈ ಮೋಟಾರು ಚೆನ್ನಾಗಿಯೇ ಒದಗುತ್ತದೆ. ಚೈನಿಲ್ಲ, ಬೆಲ್ಟಿಲ್ಲ, ಎಣ್ಣೆಯ ಗೊಡವೆಯಿಲ್ಲ. ತೋಟದೊಳಗೆ ಹೊರೆ ಹೇರುವವರಿಗೆ ಬೆಲ್ಟು ಅಥವಾ ಗೇರಿನ ಗಾಡಿಯೇ ಮೇಲೆಂದು ನನ್ನ ಅಭಿಪ್ರಾಯ. ಯಾವುದಾದರೂ ಸರಿ, ಸಾಲದ ಅರ್ಜಿ ಕೊಡುವವರು ಪೂರ್ತಿ ಹೊರೆಯಲ್ಲಿ ಗಾಡಿ ಎಷ್ಟು ಏರು ಹತ್ತುತ್ತದೆ, ನಿಲ್ಲದೆ ಎಷ್ಟು ನಿಮಿಷ ಹತ್ತುತ್ತದೆ ಎಂಬುದನ್ನು ಮಾರಾಟಗಾರರಿಂದ ಬರೆಸಿ ಕೊಟೇಷನ್ನಿನ ಜೊತೆ ಲಗತ್ತಿಸಬೇಕಾಗಿ ವಿನಂತಿ.